ಆಂಜಿಯೋಗ್ರಾಮ್ ಕೈಯಿಂದಲೋ, ತೊಡೆಯಿಂದಲೋ? ರಕ್ತನಾಳಕ್ಕೆ ಪೆಟ್ಟಾಗುತ್ತಾ?

ನಿಮ್ಮ ತಂದೆಗೆ ಹಾರ್ಟ್ ಆಂಜಿಯೋಗ್ರಾಮ್ ಆಗಬೇಕಿದೆ, ಕಿಡ್ನಿಯೂ ಸರಿಯಿಲ್ಲ, ಡಾಕ್ಟರ್ ತೊಡೆಯಿಂದ ಮಾಡೋಣ ಅಂದಿದ್ದಾರೆ. ಈಗೆಲ್ಲ ಕೈಯಿಂದಲೇ ಅಲ್ವಾ, ತೊಡೆಯಿಂದ ಮಾಡಿದರೆ ಅಪಾಯವಾ ಅಂತ ಕೇಳಿದ್ದೀರಿ. ನಾನು ಕ್ಯಾತ್ ಲ್ಯಾಬ್‌ನಲ್ಲಿ ನರ್ಸ್. ಅಲ್ಲಿ ಕೈಯ ಅಥವಾ ತೊಡೆಯ ರಕ್ತನಾಳವನ್ನು ಚುಚ್ಚಿ, ತೆಳುವಾದ ಕೊಳವೆಯನ್ನು ಹೃದಯದವರೆಗೆ ಕಳಿಸಿ ಆಂಜಿಯೋಗ್ರಾಮ್ ಮಾಡುತ್ತಾರೆ. ಆಂಜಿಯೋಗ್ರಾಮ್ ಮುಗಿದ ಮೇಲೆ ಚುಚ್ಚಿದ ಜಾಗವನ್ನು ಒತ್ತಿ ಹಿಡಿಯುವುದು, ಆಮೇಲೆ ಅದರ ಮೇಲೆ ಕಣ್ಣಿಡುವುದು ನನ್ನ ಕೆಲಸ.

ಕೈ ಸುರಕ್ಷಿತ ಅನ್ನುವ ಮಾತು ನಿಜ. ಮಣಿಕಟ್ಟಿನ ರೇಡಿಯಲ್ ನಾಳ ಚರ್ಮದ ಕೆಳಗೇ, ಮೂಳೆಯ ಮೇಲೇ ಇದೆ. ರಕ್ತ ಬಂದರೆ ಕಣ್ಣಿಗೆ ಬೀಳುತ್ತದೆ, ಒತ್ತಿದರೆ ನಿಲ್ಲುತ್ತದೆ. ಈ ದಾರಿಯಲ್ಲಿ ಹೃದಯದ ಆಂಜಿಯೋಗ್ರಾಮ್ ಮಾಡಬಹುದು ಅಂತ 1989ರಲ್ಲಿ ಕೆನಡಾದ ಲೂಸಿಯೆನ್ ಕಾಂಪೊ ತೋರಿಸಿಕೊಟ್ಟರು. 2011ರಲ್ಲಿ ಬಂದ ರೈವಲ್ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದ ಅಥವಾ ಅದರ ಅಂಚಿನಲ್ಲಿದ್ದ 7,021 ಜನರಿದ್ದರು. ರಕ್ತನಾಳದ ದೊಡ್ಡ ತೊಂದರೆ ಆಗಿದ್ದು ತೊಡೆಯಿಂದ ಮಾಡಿದವರಲ್ಲಿ ಶೇ. 3.7, ಕೈಯಿಂದ ಮಾಡಿದವರಲ್ಲಿ ಶೇ. 1.4. ಅವರೆಲ್ಲ ರಕ್ತ ತೆಳುವಾಗಿಸುವ ಔಷಧಿಗಳ ಮೇಲಿದ್ದವರು ಅನ್ನುವುದನ್ನೂ ನೆನಪಿಡಿ. ದಿನ ಗೊತ್ತುಮಾಡಿ ಬಂದು ಬರೀ ಆಂಜಿಯೋಗ್ರಾಮ್ ಮಾಡಿಸಿಕೊಳ್ಳುವವರಿಗೆ ಇಷ್ಟು ಅಪಾಯ ಇರುವುದಿಲ್ಲ.

ಹಾಗಿದ್ದರೂ ತೊಡೆ ಅಂದಿದ್ದಾರೆಂದರೆ, ಕಾರಣ ಕಿಡ್ನಿಯೇ ಇರಬೇಕು. ಮುಂದೆ ಡಯಾಲಿಸಿಸ್ ಬೇಕಾಗಿಬಂದರೆ ಕೈಯಲ್ಲಿ ಫಿಸ್ಟುಲಾ ಮಾಡುತ್ತಾರೆ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಆಪರೇಶನ್ ಮಾಡಿ ಒಂದು ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. ಅದಕ್ಕೆ ಹೆಚ್ಚಾಗಿ ಬಳಸುವುದು ಇದೇ ರೇಡಿಯಲ್ ನಾಳವನ್ನು. ಆಂಜಿಯೋಗ್ರಾಮ್ ಆದ ಮೇಲೆ ಕೆಲವರಲ್ಲಿ ಈ ನಾಳ ಮುಚ್ಚಿಹೋಗುತ್ತದೆ. ಅಂಗೈಗೆ ಇನ್ನೊಂದು ನಾಳದಿಂದಲೂ ರಕ್ತ ಬರುವುದರಿಂದ ಬಹಳ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದರೆ ನಿಮ್ಮ ತಂದೆಯಂಥವರಿಗೆ ಅದು ದೊಡ್ಡ ನಷ್ಟ. ಇದೇ ಕಾರಣವಾ ಅಂತ ಡಾಕ್ಟರನ್ನೇ ಕೇಳಿ. ಹೌದು ಅಂದರೆ ಕೈಯಿಂದಲೇ ಮಾಡಿ ಅಂತ ಒತ್ತಾಯ ಮಾಡಬೇಡಿ.

ಇನ್ನು ತೊಡೆಯ ವಿಷಯ. ತೊಡೆಸಂದಿನಲ್ಲಿ ನಾಡಿ ಬಡಿಯುವ ಕಡೆ, ಕೆಳಗೆ ತೊಡೆಮೂಳೆಯ ಗುಂಡು ತಲೆ ಇರುವಲ್ಲೇ ಸೂಜಿ ಹೋಗಬೇಕು. ಆಮೇಲೆ ನಾವು ಒತ್ತುವಾಗ ನಾಳ ಆ ಮೂಳೆಗೆ ಆನಿಕೊಂಡರೆ ತಾನೇ ರಕ್ತ ನಿಲ್ಲುವುದು. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುತ್ತೀರಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಸೂಜಿ ತೀರಾ ಮೇಲೆ ಬಿದ್ದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಬಹುದು. ನನಗೆ ಜಾಸ್ತಿ ಭಯ ಇದರದ್ದೇ, ಯಾಕೆಂದರೆ ಬ್ಯಾಂಡೇಜ್ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಸೊಂಟ ನೋವು ಅನ್ನುತ್ತಾರೆ, ಬೆವರುತ್ತಾರೆ, ಬಿಪಿ ಇಳಿಯುತ್ತದೆ. ಮಲಗಿ ಮಲಗಿ ಬೆನ್ನು ಹಿಡಿದಿರಬೇಕು ಅಂತ ಮನೆಯವರು ಸುಮ್ನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ತಕ್ಷಣ ನಮ್ಮನ್ನು ಕರೆಯಿರಿ. ಕಾಲು ತಣ್ಣಗಾಗಿ ಜೋಮು ಹಿಡಿದರೂ ಅಷ್ಟೇ.

ಸೂಜಿ ಕೆಳಗೆ ಬಿದ್ದರೆ ತೂತು ಸರಿಯಾಗಿ ಮುಚ್ಚದೆ ನಾಳದ ಪಕ್ಕದಲ್ಲಿ ರಕ್ತದ ಚೀಲ ಆಗಬಹುದು. ಸ್ಯೂಡೋಅನ್ಯೂರಿಸಂ ಅನ್ನುತ್ತಾರೆ. ಮನೆಗೆ ಹೋದ ಮೇಲೂ ಕಾಣಿಸಿಕೊಳ್ಳಬಹುದು. ತೊಡೆಸಂದಿನಲ್ಲಿ ನೋಯುವ ಗಂಟು ಇದ್ದು, ಮುಟ್ಟಿದರೆ ಮಿಡಿಯುತ್ತಿದ್ದರೆ ಅದನ್ನು ಉಜ್ಜಬೇಡಿ, ಶಾಖ ಕೊಡಬೇಡಿ, ಸ್ಕ್ಯಾನ್ ಮಾಡಿಸಿ. ಎಷ್ಟೋ ಜನರಿಗೆ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಇಂಜೆಕ್ಷನ್‌ನಲ್ಲೇ ಸರಿಹೋಗುತ್ತದೆ, ಆಪರೇಶನ್ ಬೇಕಾಗುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಆಮೇಲಿನ ಕೆಲವು ಗಂಟೆಗಳು. ಆ ಕಾಲನ್ನು ಮಡಚಬಾರದು, ತಲೆ ಎತ್ತಿ ಏಳಲು ಹೋಗಬಾರದು. ಕೆಮ್ಮು ಬಂದರೆ ಬ್ಯಾಂಡೇಜ್ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿಯಲಿ. ಹಿರಿಯರು ಮಲಗಿದಲ್ಲೇ ಮೂತ್ರ ಮಾಡಲು ಸಂಕೋಚಪಟ್ಟು, ಯಾರಿಗೂ ಹೇಳದೆ ಬಾತ್‌ರೂಮಿಗೆ ಹೊರಟುಬಿಡುತ್ತಾರೆ. ಗಾಯ ಬಿಚ್ಚಿಕೊಳ್ಳುವುದು ಆಗಲೇ. ಪಾಟ್ ಕೊಡುತ್ತಾರೆ, ಪರದೆ ಎಳೆಯುತ್ತಾರೆ ಅಂತ ಅಪ್ಪನಿಗೆ ಮೊದಲೇ ಹೇಳಿಟ್ಟಿರಿ.