ಕಾರ್ಬನ್ ಸ್ಟೀಲ್ ಚಾಕುವಿನ ಕಪ್ಪು ಕೋಟಿಂಗ್ ಎದ್ದು ಹೋದರೆ ಮತ್ತೆ ಹಾಕಿಸಬೇಕಾ?

ಚಾಕುವಿನ ಕಪ್ಪು ಕೋಟಿಂಗ್ ಅಲ್ಲಲ್ಲಿ ಎದ್ದಿದೆ, ಅಲ್ಲೆಲ್ಲ ತುಕ್ಕಿನ ಚುಕ್ಕೆ ಬಂದಿದೆ, ಇನ್ನು ತುಕ್ಕಿನ ಚಿಂತೆಯೇ ಬೇಡ ಅನ್ನೋ ಹಾಗೆ ಯಾವ ಕೋಟಿಂಗ್ ಹಾಕಿಸಲಿ ಎಂದು ಕೇಳಿದ್ದೀರಿ. ಅಡುಗೆಗೇ ಜಾಸ್ತಿ ಬಳಸುತ್ತೀರಿ ಎಂದೂ ಬರೆದಿದ್ದೀರಿ. ಹಾಗಾದರೆ ಹೊಸದು ಹಾಕಿಸಬೇಡಿ, ಇರುವುದನ್ನೂ ತೆಗೆದುಬಿಡಿ. ನಾನು ಕಾರ್ಬನ್ ಸ್ಟೀಲ್ ಚಾಕುಗಳನ್ನೇ ಇಷ್ಟಪಟ್ಟು ಬಳಸುವವನು, ಅಡುಗೆ ಚಾಕುವಿಗೆ ಕೋಟಿಂಗ್ ಬೇಕು ಅಂತ ನನಗೆ ಅನಿಸಿಲ್ಲ.

ಯಾವ ಕೋಟಿಂಗ್ ಆದರೂ ಅಲಗಿನ ಮೈಯನ್ನು ಮಾತ್ರ ಕಾಯುತ್ತದೆ. ಕತ್ತರಿಸುವ ಬಾಯಿ ಬರಿಯದಾಗಿಯೇ ಇರುತ್ತದೆ, ಸಾಣೆ ಹಿಡಿದಾಗಲೆಲ್ಲ ಹೊಸ ಉಕ್ಕು ಹೊರಗೆ ಬರುತ್ತದೆ. ತುಕ್ಕು ಹಿಡಿದರೆ ಮೊದಲು ಹಾಳಾಗುವುದೂ ಆ ತೆಳು ಬಾಯಿಯೇ. ಅಂದಮೇಲೆ ತೊಳೆದು ಒರೆಸುವ ಕೆಲಸ ಹೇಗೂ ತಪ್ಪಲ್ಲ, ಅಲ್ವಾ?

ಸ್ಟೇನ್‌ಲೆಸ್‌ ಸ್ಟೀಲ್‌ನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ, ಗೀರು ಬಿದ್ದರೆ ಆ ಪದರ ತಾನೇ ಮತ್ತೆ ಕೂಡಿಕೊಳ್ಳುತ್ತದೆ. 1095 ಎಂಬ ದರ್ಜೆಯಂಥ ಕಾರ್ಬನ್ ಸ್ಟೀಲ್‌ಗೆ ಈ ಗುಣ ಇಲ್ಲ. ಮೇಲೆ ಬಳಿದ ಕೋಟಿಂಗ್‌ಗೂ ಇಲ್ಲ. ಒಮ್ಮೆ ಗೀರು ಬಿದ್ದರೆ ನೀರು ಅಲ್ಲಿಂದ ಒಳಗೆ ಇಳಿದು ಕೋಟಿಂಗ್ ಅಡಿಯಲ್ಲೇ ನಿಲ್ಲುತ್ತದೆ. ತುಕ್ಕು ಒಳಗೊಳಗೇ ಹರಡುತ್ತದೆ, ನಮಗೆ ಕಾಣುವ ಹೊತ್ತಿಗೆ ಉಕ್ಕಿನಲ್ಲಿ ಗುಳಿ ಬಿದ್ದಿರುತ್ತದೆ.

ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಕಾಯಿಸಿ ಕೂರಿಸುವುದು) ದಪ್ಪ, ಗಟ್ಟಿ, ಆದರೆ ತರಕಾರಿ ಹೆಚ್ಚುವಾಗ ಹಿಡಿದು ಎಳೆಯುತ್ತದೆ. ಡಿಎಲ್‌ಸಿ, ಅಂದರೆ ವಜ್ರದಂಥ ಗಟ್ಟಿ ಕಾರ್ಬನ್ ಪದರ, ಕೆಲವೇ ಮೈಕ್ರಾನ್ ದಪ್ಪದ್ದು, ನುಣುಪಾಗಿಯೂ ಇರುತ್ತದೆ, ಆದರೆ ಅದನ್ನು ಮನೆಯಲ್ಲಿ ಮಾಡಲಾಗದು. ಬ್ಲ್ಯಾಕ್ ಆಕ್ಸೈಡ್ ಬಳಿದದ್ದಲ್ಲ, ಉಕ್ಕಿನ ಮೇಲ್ಮೈಯೇ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಾದದ್ದು. ಅದರಲ್ಲಿ ಸಣ್ಣ ರಂಧ್ರಗಳಿರುವುದರಿಂದ ಎಣ್ಣೆ ಸವರದಿದ್ದರೆ ಹೆಚ್ಚೇನೂ ಕಾಯುವುದಿಲ್ಲ.

ಇನ್ನೊಂದು ವಿಷಯವನ್ನು ದಯವಿಟ್ಟು ಗಮನದಲ್ಲಿಡಿ: ಬಿಸಿ. ಕಾರ್ಬನ್ ಸ್ಟೀಲ್ ಅಲಗನ್ನು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಟೆಂಪರ್ ಮಾಡಿರುತ್ತಾರೆ, ಅಂದರೆ ಗಟ್ಟಿ ಮಾಡಿದ ಉಕ್ಕು ಸುಲಭವಾಗಿ ಮುರಿಯದಂತೆ ಹದವಾಗಿ ಕಾಯಿಸಿರುತ್ತಾರೆ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಉಕ್ಕು ಮೆತ್ತಗಾಗುತ್ತದೆ. ಪೌಡರ್ ಕೋಟಿಂಗ್ ಒಲೆಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಂಗಾರದ ಬಣ್ಣದ ಟೈಟಾನಿಯಂ ನೈಟ್ರೈಡ್ ಕೋಟಿಂಗ್‌ಗೆ ಎಷ್ಟೋ ಕಡೆ 400 ಡಿಗ್ರಿ ದಾಟಿಸುತ್ತಾರೆ. ಚಾಕು ಚೆಂದ ಕಾಣಬಹುದು, ಹರಿತ ಮಾತ್ರ ನಿಲ್ಲುವುದಿಲ್ಲ. ಗೇಟಿಗೆ ಪೌಡರ್ ಕೋಟಿಂಗ್ ಮಾಡುವವರ ಹತ್ತಿರ ಒಳ್ಳೆಯ ಅಲಗನ್ನು ಸುಮ್ನೆ ಕೊಟ್ಟು ಬರಬೇಡಿ.

ಈಗಿರುವ ಕೋಟಿಂಗನ್ನು ಪೇಂಟ್ ರಿಮೂವರ್ ಹಾಕಿ ಮೆತ್ತಗೆ ಮಾಡಿ ಕೆರೆಯಿರಿ. ಕೈಗವಸು ಹಾಕಿಕೊಳ್ಳಿ, ಗಾಳಿಯಾಡುವ ಜಾಗದಲ್ಲಿ ಮಾಡಿ. ಚೆನ್ನಾಗಿ ತೊಳೆದ ಮೇಲೆ ನೀರು ಮುಟ್ಟಿಸಿದ ಎಮರಿ ಪೇಪರ್‌ನಿಂದ ಅಲಗಿನ ಉದ್ದಕ್ಕೆ ಉಜ್ಜಿ. ಜಿಡ್ಡು ಪೂರ್ತಿ ಹೋಗುವಂತೆ ಸೋಪು ಹಾಕಿ ತೊಳೆದು, ಬಿಸಿ ವಿನೆಗರ್‌ನಲ್ಲಿ ಕೆಲವು ನಿಮಿಷ ಅದ್ದಿಡಿ. ಬೂದು ಬಣ್ಣ ಬರುತ್ತದೆ. ಇದೇ ಪಟಿನಾ. ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಗೀರು ಬಿದ್ದರೂ ಬಳಸುತ್ತಾ ಬಳಸುತ್ತಾ ಮತ್ತೆ ಕಟ್ಟಿಕೊಳ್ಳುತ್ತದೆ, ನನಗೆ ಇದು ಇಷ್ಟವಾಗುವುದೇ ಅದಕ್ಕೆ. ಬಣ್ಣ ಒಂದೇ ಸಮ ಬರದಿದ್ದರೆ ಬೇಜಾರು ಬೇಡ. ಆಮ್ಲ ಬಾಯಿಯನ್ನು ಸ್ವಲ್ಪ ಮೊಂಡು ಮಾಡುತ್ತದೆ, ಆದ್ದರಿಂದ ಸಾಣೆ ಆಮೇಲೆ ಹಿಡಿಯಿರಿ.

ಬಳಸಿದ ಕೂಡಲೇ ತೊಳೆದು ಒರೆಸಿ. ಕೆಲವು ದಿನ ಬಳಸುವುದಿಲ್ಲ ಅಂತಾದರೆ ಫುಡ್ ಗ್ರೇಡ್ ಮಿನರಲ್ ಆಯಿಲ್ ತೆಳುವಾಗಿ ಸವರಿ. ಬಹಳಷ್ಟು ಅಡುಗೆ ಎಣ್ಣೆಗಳು ದಿನ ಕಳೆದಂತೆ ಅಂಟಂಟಾಗುತ್ತವೆ. ಚರ್ಮದ ಒರೆಯಲ್ಲಿಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಇದೇ ಚಾಕು ಬರೀ ಸೌದೆ ಸೀಳೋದಕ್ಕೆ, ಕಾಡು ಸುತ್ತೋದಕ್ಕೆ ಇದ್ದಿದ್ದರೆ ಕೋಟಿಂಗ್ ಹಾಗೇ ಇರಲಿ ಎನ್ನುತ್ತಿದ್ದೆ. ಆಗ ಎದ್ದ ಜಾಗದ ತುಕ್ಕು ಉಜ್ಜಿ ತೆಗೆದು, ಅಲ್ಲಿಗೂ ಬಾಯಿಗೂ ಎಣ್ಣೆ ಸವರುತ್ತಿದ್ದರೆ ಸಾಕು.