ಆಡಿಟರ್ ಸಹಿ ಇದ್ದರೂ ಗೋದಾಮು ಖಾಲಿ ಯಾಕೆ?

ಶಿರಸಿಯ ಅಡಿಕೆ ಕಂಪನಿಯಲ್ಲಿ ನಿಮ್ಮದು ಕಾಲು ಪಾಲು. ಪ್ರತಿ ವರ್ಷ ಆಡಿಟ್ ವರದಿ ಚೊಕ್ಕವಾಗಿತ್ತು, ಈಗ ನೋಡಿದರೆ ಗೋದಾಮಿನಲ್ಲಿ ಮಾಲೇ ಇಲ್ಲ, ಆಡಿಟರ್ ಮೇಲೆ ದೂರು ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬಹುದು. ಆದರೆ ಮೊದಲು ವಿಚಾರಿಸಿ: ಅವರು ಗೋದಾಮಿಗೆ ಹೋಗಿದ್ದರಾ?

ಮೋಸ ತಡೆಯುವ ಹೊಣೆ ಮೊದಲು ನಿರ್ದೇಶಕರದ್ದು, ನಿಜ. ಹಾಗಂತ ಅವರು ಕೊಟ್ಟ ಪಟ್ಟಿಗೆ ಆಡಿಟರ್ ಸುಮ್ನೆ ಸಹಿ ಹಾಕುವಂತಿಲ್ಲ. ದಾಸ್ತಾನು ದೊಡ್ಡ ಮೊತ್ತದ್ದಾದರೆ ಎಣಿಕೆಯ ಹೊತ್ತಿಗೆ ಎದುರಿಗಿರಬೇಕು. ಅಡಿಕೆಯಲ್ಲಂತೂ ಚೀಲ ಎಣಿಸಿದರೆ ಸಾಲದು. ಮೇಲೆ ಒಳ್ಳೆ ಚಾಲಿ (ಬಿಳಿ ಅಡಿಕೆ), ಕೆಳಗೆ ಕಮ್ಮಿ ದರದ ಕೆಂಪುಗೋಟು ತುಂಬಿ, ಲೆಕ್ಕದಲ್ಲಿ ಎಲ್ಲದಕ್ಕೂ ಚಾಲಿ ದರ ಹಾಕಿದ್ದರೆ? ಒಳಗಿನ ಸಾಲಿನ ಚೀಲ ಎಳೆಸಿ, ಬಾಯಿ ಬಿಚ್ಚಿಸಿ, ತೂಗಿಸಿ ನೋಡಬೇಕು. 2009ರಲ್ಲಿ ಬಯಲಾದ ಸತ್ಯಂ ಹಗರಣದಲ್ಲೂ ಬ್ಯಾಂಕಿನಲ್ಲಿ ಇಲ್ಲದ ಹಣ ಪುಸ್ತಕದಲ್ಲಿತ್ತು, ಅಲ್ವಾ?

ನಿರ್ದೇಶಕರೋ ನೌಕರರೋ ಕಂಪನಿಗೆ 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ವಂಚಿಸಿದ್ದಾರೆ ಅನ್ನಿಸಲು ಕಾರಣವಿದ್ದರೆ, 2013ರ ಕಂಪನಿ ಕಾಯ್ದೆಯ ಕಲಂ 143(12)ರಂತೆ ಆಡಿಟರ್ ಕೇಂದ್ರ ಸರ್ಕಾರಕ್ಕೆ ತಿಳಿಸಲೇಬೇಕು. ಕಮ್ಮಿಯಾದರೆ ನಿರ್ದೇಶಕರ ಮಂಡಳಿಗೆ.

ಆಡಿಟರ್ ಮೇಲಿನ ದೂರು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯಾದ ಐಸಿಎಐಗೆ ಹೋಗುತ್ತದೆ. ಕಂಪನಿಯ ತನಿಖೆ ಬೇಕಿದ್ದರೆ ಬೆಂಗಳೂರಿನಲ್ಲಿರುವ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಅರ್ಜಿ ಹಾಕಿ. ಹತ್ತನೇ ಒಂದು ಭಾಗ ಮತ ಇದ್ದರೆ ಸಾಕು, ನಿಮಗೆ ಇದೆ. ಅದಕ್ಕೂ ಮೊದಲು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್, ತೂಕದ ಚೀಟಿ, ಲಾರಿ ಬಾಡಿಗೆ ರಸೀದಿಗಳನ್ನು ಒಟ್ಟುಮಾಡಿ, ಬ್ಯಾಲೆನ್ಸ್ ಶೀಟಿನ ಜೊತೆ ತಾಳೆ ನೋಡಿ.