ಬೀಗ ದಪ್ಪ, ಸ್ಕ್ರೂ ಸಣ್ಣ

ಓದುಗರ ಪತ್ರ: "ಎರಡು ವಾರದ ಹಿಂದೆ ಪಕ್ಕದ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಮ್ಮದು ಬಾಡಿಗೆ ಮನೆ, ನೆಲಮಹಡಿ. ನಾನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಮನೆಯಲ್ಲಿ ವಯಸ್ಸಾದ ಅಮ್ಮ ಇರುತ್ತಾರೆ, ಅವರೂ ಒಮ್ಮೊಮ್ಮೆ ಹೊರಗೆ ಹೋಗುತ್ತಾರೆ. ಕೈಯಲ್ಲಿ ದುಡ್ಡು ಕಮ್ಮಿ. ಒಂದು ಕ್ಯಾಮೆರಾ ತರಲಾ, ದೊಡ್ಡ ಬೀಗ ಹಾಕಿಸಲಾ? ನಾಯಿ ಸಾಕಿ ಅಂತಲೂ ಹೇಳ್ತಾರೆ. ಒಂದೇ ಮಾತಲ್ಲಿ ಹೇಳಿ." (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಒಂದೇ ಮಾತಲ್ಲಿ ಹೇಳಬೇಕೆಂದರೆ, ಸ್ಕ್ರೂ.

ತಮಾಷೆ ಮಾಡುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ನಿಮ್ಮ ಹಾಗೇ ಹೆದರಿ, ಅಂಗಡಿಯಲ್ಲಿದ್ದ ದುಬಾರಿ ಬೀಗಗಳಲ್ಲೊಂದನ್ನು ತಂದು ಮುಂಬಾಗಿಲಿಗೆ ಹಾಕಿಸಿದೆ. ಹಿತ್ತಾಳೆಯದು, ಕೈಯಲ್ಲಿ ಹಿಡಿದರೆ ತೂಕವೇ ಧೈರ್ಯ ಕೊಡುತ್ತಿತ್ತು. ತಿಂಗಳು ಕಳೆಯುವುದರೊಳಗೆ ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಪಕ್ಕದ ಮನೆಯವರು ಬಂದು ಭುಜ ಕೊಟ್ಟು ಒಂದು ಸಲ ನೂಕಿದರು. ಎರಡನೇ ಸಲಕ್ಕೆ ಬಾಗಿಲು ತೆರೆಯಿತು. ಬೀಗಕ್ಕೆ ಏನೂ ಆಗಿರಲಿಲ್ಲ, ಲಕಲಕ ಹೊಳೆಯುತ್ತಿತ್ತು. ಕಿತ್ತು ಬಂದದ್ದು ಚೌಕಟ್ಟಿನ ಮೇಲಿದ್ದ ತಗಡಿನ ಪಟ್ಟಿ. ಅದನ್ನು ಹಿಡಿದಿದ್ದವು ಎರಡೇ ಎರಡು ಸ್ಕ್ರೂ, ಒಂದೊಂದೂ ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ ಅಷ್ಟೆ. ನಾನು ದುಡ್ಡು ಸುರಿದದ್ದು ಬೀಗಕ್ಕೆ, ಬಾಗಿಲು ನಿಂತಿದ್ದದ್ದು ಆ ಎರಡು ಸ್ಕ್ರೂ ಮೇಲೆ.

ಬೀಗ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ತಂತಿ ತೂರಿಸಿ, ಕಿವಿಗೊಟ್ಟು, ಟಕ್ ಎಂದು ತೆಗೆಯುವ ಜಾಣ ಕಳ್ಳ. ಅಂಥ ಜಾಣರು ಇಲ್ಲವೆಂದಲ್ಲ. 1851ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಬೀಗದ ಕಸುಬುದಾರ, ಜೋಸೆಫ್ ಬ್ರಾಮಾ ಕಂಪನಿಯವರು 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಪಂಥ ಕಟ್ಟಿ ಅಂಗಡಿ ಕಿಟಕಿಯಲ್ಲಿ ಇಟ್ಟಿದ್ದ ಬೀಗವನ್ನು ತೆರೆದು ತೋರಿಸಿದ. ಅರವತ್ತು ವರ್ಷದಿಂದ ಯಾರಿಗೂ ಬಗ್ಗದ ಬೀಗ ಅದು. ಹಾಬ್ಸ್‌ಗೆ ಹಿಡಿದದ್ದು 51 ಗಂಟೆ, 16 ದಿನಗಳಲ್ಲಿ ಹರಡಿಕೊಂಡು. ನಿಮ್ಮ ಮನೆಗೆ ಬರುವವನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅವನು ಚಿಲಕ ಹಾಕದ ಬಾಗಿಲು ಹುಡುಕುತ್ತಾನೆ. ಸಿಗದಿದ್ದರೆ ತೆರೆದ ಕಿಟಕಿ. ಅದೂ ಇಲ್ಲದಿದ್ದರೆ ಒಂದು ಒದೆ, ಇಲ್ಲವೇ ಸಂದಿಗೆ ಹಾರೆ ಕೊಟ್ಟು ಒಂದು ಮೀಟು. ಅವನಿಗೆ ಬೇಡದ್ದು ಎರಡು: ತಡವಾಗುವುದು, ಸದ್ದಾಗುವುದು. ನಿಮ್ಮ ಕಮ್ಮಿ ದುಡ್ಡಿನಲ್ಲಿ ಕೊಳ್ಳಬೇಕಾದದ್ದೂ ಆ ಎರಡನ್ನೇ.

ಈಗ ಬಾಗಿಲಿನ ಹತ್ತಿರ ಹೋಗಿ. ಬಾಗಿಲು ತೆರೆದು, ಬೀಗದ ನಾಲಿಗೆ ಹೋಗಿ ಕೂರುವ ಪಟ್ಟಿ ನೋಡಿ. ಒಂದು ಸ್ಕ್ರೂ ಬಿಚ್ಚಿ ಅಳೆಯಿರಿ. 20 ಮಿಲಿಮೀಟರ್ ಆಸುಪಾಸಿನದಾದರೆ ಅದು ಚೌಕಟ್ಟಿನ ಮೇಲ್ಮೈಯನ್ನಷ್ಟೇ ಕಚ್ಚಿಕೊಂಡಿದೆ ಎಂದರ್ಥ. ಅದರ ಜಾಗಕ್ಕೆ 75 ಮಿಲಿಮೀಟರ್ ಸ್ಕ್ರೂ ಬಿದ್ದರೆ ಅದು ಚೌಕಟ್ಟನ್ನು ದಾಟಿ ಹಿಂದಿನ ಗೋಡೆಯನ್ನು ಹಿಡಿಯುತ್ತದೆ. ಗೋಡೆಯೊಳಗೆ ಮರದ ಕಂಬವಿದ್ದರೆ ನೇರವಾಗಿ ಹಾಕಬಹುದು. ಇಟ್ಟಿಗೆ, ಕಾಂಕ್ರೀಟ್ ಆದರೆ ಡ್ರಿಲ್ ಮಾಡಿ ಪ್ಲಗ್ ಕೂರಿಸಿ ಹಾಕಬೇಕು, ಸ್ವಲ್ಪ ಕೆಲಸ ಬಲ್ಲವರು ಬೇಕು. ಚೌಕಟ್ಟು ಲೋಹದ್ದೋ ಪ್ಲಾಸ್ಟಿಕ್ಕಿನದೋ ಆಗಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ. ಪಟ್ಟಿ ತೆಳು ತಗಡಿನದಾದರೆ ಉದ್ದನೆಯ ದಪ್ಪ ಪಟ್ಟಿಗೆ ಬದಲಿಸಿ. ಬೀಗಕ್ಕಿಂತ ಎಷ್ಟೋ ಅಗ್ಗ.

ಅಲ್ಲಿಗೇ ನಿಲ್ಲಿಸಬೇಡಿ. ಬಾಗಿಲಿಗೆ ಇನ್ನೊಂದು ಬದಿ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಹಿಂಜ್‌ಗಳ ಸ್ಕ್ರೂ ಕೂಡ ಹೀಗೇ ಗಿಡ್ಡ ಇರುತ್ತವೆ. ಪ್ರತಿ ಹಿಂಜಿನಲ್ಲಿ ಒಂದೊಂದಾದರೂ ಉದ್ದದ್ದಕ್ಕೆ ಬದಲಾಗಲಿ. ನಿಮ್ಮ ಬಾಗಿಲು ಹೊರಗೆ ತೆರೆಯುವಂಥದ್ದೇ? ಹಾಗಿದ್ದರೆ ಹಿಂಜಿನ ಕಡ್ಡಿ ಹೊರಗಡೆ ಇರುತ್ತದೆ. ಕಳ್ಳ ಬೀಗದ ತಂಟೆಗೇ ಹೋಗದೆ ಕಡ್ಡಿ ಹೊಡೆದು ತೆಗೆದು ಬಾಗಿಲನ್ನೇ ಈಚೆಗೆ ಎಳೆಯಬಹುದು. ಇದಕ್ಕೊಂದು ಹಳೇ ಉಪಾಯವಿದೆ. ಹಿಂಜಿನ ಎರಡು ರೆಕ್ಕೆಗಳಲ್ಲಿ ಎದುರುಬದುರಾಗಿರುವ ಒಂದೊಂದು ಸ್ಕ್ರೂ ತೆಗೆಯಿರಿ. ಒಂದು ಕಡೆ ತಲೆ ಕತ್ತರಿಸಿದ ಗಟ್ಟಿ ಸ್ಕ್ರೂ ಕೂರಿಸಿ, ತುದಿ ಅರ್ಧ ಅಂಗುಲ ಹೊರಗೆ ಚಾಚಿಕೊಂಡಿರಲಿ. ಎದುರಿನ ತೂತನ್ನು ಅಷ್ಟು ಆಳ ಮಾಡಿ. ಬಾಗಿಲು ಮುಚ್ಚಿದಾಗ ಅದು ಎದುರಿನ ತೂತಿಗೆ ಇಳಿಯುತ್ತದೆ. ಕಡ್ಡಿ ತೆಗೆದರೂ ಬಾಗಿಲು ಕದಲುವುದಿಲ್ಲ.

ಇಷ್ಟಾದ ಮೇಲೆ ಬೀಗದ ಮಾತು. ಎಳೆದರೆ ತಾನೇ ಬೀಳುವ, ಓರೆ ನಾಲಿಗೆಯ ಲ್ಯಾಚ್ ಒಂದನ್ನೇ ನಂಬಬೇಡಿ. ಅಂಥ ಎಷ್ಟೋ ಲ್ಯಾಚ್‌ಗಳನ್ನು ಸಂದಿಯಲ್ಲಿ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಹಿಂದಕ್ಕೆ ತಳ್ಳಬಹುದು. ಕೀಲಿ ತಿರುಗಿಸಿದಾಗ ಚೌಕ ನಾಲಿಗೆ ಕನಿಷ್ಠ 25 ಮಿಲಿಮೀಟರ್ ಹೊರಗೆ ಬರುವ ಡೆಡ್‌ಬೋಲ್ಟ್ ಇದ್ದರೆ ಸಾಕು. ಇದ್ದೂ ಅದನ್ನು ತಿರುಗಿಸದೆ ಬರೀ ಬಾಗಿಲು ಎಳೆದುಕೊಂಡು ಹೋಗುವವರೇ ಜಾಸ್ತಿ, ಅಲ್ವಾ? ನೇತುಬೀಗ ಹಾಕುವ ಬಾಗಿಲಾದರೆ ಬೀಗಕ್ಕಿಂತ ಮೊದಲು ಕೊಂಡಿ ನೋಡಿ. ಮುಚ್ಚಿದಾಗಲೂ ಅದರ ಸ್ಕ್ರೂ ಹೊರಗೆ ಕಾಣುತ್ತಿದ್ದರೆ ಬೀಗ ಮುಟ್ಟುವ ಅಗತ್ಯವೇ ಇಲ್ಲ, ಸ್ಕ್ರೂಡ್ರೈವರ್ ಸಾಕು. ಬಾಗಿಲಿಗೆ ಆಚೆಯಿಂದ ಈಚೆಗೆ ಹಾಯುವಂತೆ ತೂತು ಮಾಡಿ, ಹೊರಗೆ ಗುಂಡುತಲೆಯ ಬೋಲ್ಟ್, ಒಳಗೆ ನಟ್ ಬರುವಂತೆ ಕೊಂಡಿಯನ್ನು ಬಿಗಿಯಿರಿ.

ಬಾಡಿಗೆ ಮನೆ ಎಂದಿದ್ದೀರಿ. ಹಾಗಾಗಿ ಇದನ್ನೆಲ್ಲ ಮಾಡುವ ಮೊದಲು ಮನೆ ಮಾಲೀಕರಿಗೆ ಒಂದು ಮಾತು ಹೇಳಿ. ಹಳೇ ತೂತಿಗೇ ಉದ್ದ ಸ್ಕ್ರೂ ಎಂದರೆ ಬೇಡ ಎನ್ನುವವರು ಕಡಿಮೆ. ಅದರ ಜೊತೆಗೇ ಕೇಳಿ: ಹಿಂದೆ ಇದ್ದವರ ಹತ್ತಿರ ಇನ್ನೊಂದು ಬೀಗದ ಕೈ ಇರಬಹುದೇ? ಅನುಮಾನವಿದ್ದರೆ ಹೊಸ ಬೀಗವೇ ಬೇಕೆಂದಿಲ್ಲ. ಒಳಗಿನ ಪಿನ್‌ಗಳನ್ನು ಬದಲಿಸಿ ಹೊಸ ಕೀಲಿ ಮಾಡಿಕೊಡುವವರಿದ್ದಾರೆ. ಕಾಲೊರಸಿನ ಕೆಳಗೆ, ಹೂಕುಂಡದ ಅಡಿಗೆ ಕೀಲಿ ಇಡುವ ಅಭ್ಯಾಸವನ್ನು ಇವತ್ತೇ ಬಿಡಿ. ನಮಗೆ ಹೊಳೆದ ಜಾಗ ಕಳ್ಳನಿಗೂ ಹೊಳೆಯುತ್ತದೆ. ಅಮ್ಮ ಕೀಲಿ ಮರೆಯುತ್ತಾರೆಂಬ ಭಯವಿದ್ದರೆ ಒಂದು ಪ್ರತಿಯನ್ನು ನಂಬಿಕೆಯ ನೆರೆಯವರ ಕೈಗೆ ಕೊಡಿ.

ನೆಲಮಹಡಿಯ ಕಿಟಕಿಗಳ ವಿಷಯ. ಸರಿಸುವ ಕಿಟಕಿಯಾದರೆ ಕೆಳಗಿನ ಹಳಿಗೆ ಅಳತೆಗೆ ಸರಿಯಾಗಿ ಕತ್ತರಿಸಿದ ಒಂದು ಕೋಲು ಇಡಿ. ಹಳೇ ಪೊರಕೆಯ ಹಿಡಿಕೆಯೂ ಆದೀತು. ಚಿಲಕ ಮುರಿದರೂ ಕಿಟಕಿ ಸರಿಯುವುದಿಲ್ಲ. ಮೇಲಿನ ಹಳಿಗೆ, ಕಿಟಕಿಯ ಅಂಚಿಗೆ ತಾಗದ ಹಾಗೆ, ಒಂದೆರಡು ಸ್ಕ್ರೂ ಸ್ವಲ್ಪ ಇಳಿಬಿಟ್ಟರೆ ಕಿಟಕಿಯನ್ನು ಮೇಲಕ್ಕೆತ್ತಿ ಕಳಚುವುದೂ ಆಗುವುದಿಲ್ಲ. ಏಣಿ, ಹಾರೆ, ಗುದ್ದಲಿ ಹೊರಗೆ ಬಿದ್ದಿದ್ದರೆ ಒಳಗೆ ತನ್ನಿ. ನಮ್ಮದೇ ಏಣಿ ಹಾಕಿ ನಮ್ಮ ಮನೆ ಹತ್ತಿದರೆ ಯಾರಿಗೆ ಬೈಯೋದು?

ಒಂದು ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಭಯದಲ್ಲಿ ಎಲ್ಲ ಕಿಟಕಿಗೂ ಸರಳು ಬಡಿದು, ಒಳಗಿನಿಂದಲೂ ಕೀಲಿ ಬೇಕಾಗುವ ಬೀಗ ಹಾಕಿ, ಕೀಲಿ ಎಲ್ಲೋ ಇಡಬೇಡಿ. ಬೆಂಕಿ ಬಿದ್ದರೆ ಹೊಗೆಯಲ್ಲಿ ಅಮ್ಮ ಕೀಲಿ ಹುಡುಕಲಾರರು. ಮುಂಬಾಗಿಲಿನ ಬೀಗ ಒಳಗಿನಿಂದ ಕೈಯಲ್ಲೇ ತಿರುಗುವಂತಿರಲಿ. ಸರಳಿದ್ದರೆ ಕನಿಷ್ಠ ಒಂದು ಕಿಟಕಿಯದ್ದಾದರೂ ಒಳಗಿನಿಂದ ಬಿಚ್ಚಿಕೊಳ್ಳಲಿ. ಕಳ್ಳ ಬರದಿರಬಹುದು, ಸ್ಟವ್ ದಿನವೂ ಉರಿಯುತ್ತದೆ.

ಕಳ್ಳನಿಗೆ ತಡ ಮಾಡಿಸುವ ಮಾತು ಆಯಿತು, ಈಗ ಸದ್ದು. ಅಂಗಡಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಬಾಗಿಲು ಅಲಾರಂ ಸಿಗುತ್ತವೆ. ಒಂದು ತುಂಡು ಬಾಗಿಲಿಗೆ, ಆಯಸ್ಕಾಂತವಿರುವ ಇನ್ನೊಂದು ತುಂಡು ಚೌಕಟ್ಟಿಗೆ. ಎರಡೂ ದೂರವಾದ ಕೂಡಲೇ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತದೆ. ಅಂಟಿಸಿದರಾಯಿತು, ಗೋಡೆಗೆ ತೂತು ಬೇಡ, ಮನೆ ಬದಲಿಸಿದರೆ ಕಿತ್ತುಕೊಂಡು ಹೋಗಬಹುದು. ಬ್ಯಾಟರಿ ಆಗಾಗ ನೋಡುತ್ತಿರಬೇಕು. ಅದಕ್ಕೂ ದುಡ್ಡಿಲ್ಲವೆಂದರೆ ಹಿಂಬಾಗಿಲಿಗೆ ಒಂದು ಗಂಟೆ ಕಟ್ಟಿ, ನಗಬೇಡಿ. ರಾತ್ರಿ ಅಮ್ಮನ ಕಿವಿಗೆ ಬಿದ್ದರೆ ಸಾಕಲ್ಲ. ಹೊರಗೆ, ಯಾರಾದರೂ ಬಂದಾಗ ತಾನೇ ಹೊತ್ತಿಕೊಳ್ಳುವ ದೀಪ ಒಳ್ಳೆಯದು, ಆದರೆ ನಿಮ್ಮ ಪಕ್ಕದವರ ಮನೆಗೆ ನುಗ್ಗಿದ್ದು ಹಗಲಲ್ಲಿ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಅದು ಕೆಳಗೇ ಇರಲಿ. ಸಂಜೆ ನೀವು ತಡವಾಗಿ ಬರುವ ದಿನಗಳಿಗೆ, ಹೊತ್ತಿಗೆ ಸರಿಯಾಗಿ ಒಳಗಿನ ದೀಪ ಹಾಕುವ ಟೈಮರ್ ಪ್ಲಗ್ ಅದಕ್ಕಿಂತ ಉಪಯೋಗ.

ಎರಡು ವಾರದ ಹಿಂದೆ ಎಂದಿರಲ್ಲ, ಅದರ ಬಗ್ಗೆ. ಒಂದು ಮನೆ ಕಳ್ಳತನವಾದರೆ ಅದೇ ಮನೆಗೂ ಅಕ್ಕಪಕ್ಕದವಕ್ಕೂ ಮುಂದಿನ ಕೆಲವು ವಾರ ಅಪಾಯ ಹೆಚ್ಚಿರುತ್ತದೆ ಎಂದು ಈ ವಿಷಯ ಓದಿಕೊಂಡವರು ಕಂಡುಕೊಂಡಿದ್ದಾರೆ. ದಾರಿ ಗೊತ್ತಾಗಿರುತ್ತದೆ, ಬಾಗಿಲುಗಳೂ ಒಂದೇ ತರಹದವು. ಆದ್ದರಿಂದ ಮುಂದಿನ ಸಂಬಳ ಬರಲಿ ಎಂದು ಕಾಯಬೇಡಿ, ಸ್ಕ್ರೂ ಕೆಲಸ ಈ ವಾರವೇ ಆಗಲಿ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ಇಂಥದ್ದೇ ಕಾಟವಿತ್ತು. ಅಲ್ಲಿನ ಮನೆಗಳಲ್ಲಿ ನಾಣ್ಯ ಹಾಕಿ ವಿದ್ಯುತ್, ಗ್ಯಾಸ್ ಪಡೆಯುವ ಮೀಟರ್‌ಗಳಿದ್ದವು. ಎಂದರೆ ಪ್ರತಿ ಮನೆಯಲ್ಲೂ ಕಳ್ಳನಿಗಾಗಿಯೇ ಒಂದು ಹುಂಡಿ! ಆ ಮೀಟರ್‌ಗಳನ್ನು ತೆಗೆದರು. ಒಮ್ಮೆ ಕಳ್ಳತನವಾದ ಮನೆಯ ಬಾಗಿಲು ಕಿಟಕಿ ಮೊದಲು ಭದ್ರ ಮಾಡಿದರು. ಸುತ್ತಲಿನ ಐದಾರು ಮನೆಯವರಿಗೆ ಆ ಮನೆ ಕಡೆ ಒಂದು ಕಣ್ಣಿಡಿ ಎಂದರು. ಕಳ್ಳತನ ಬಹಳವೇ ಇಳಿಯಿತು.

ನಿಮಗೂ ಇದರಲ್ಲಿ ಖರ್ಚಿಲ್ಲದ ಕೆಲಸ ಇದೆ. ಪಕ್ಕದ ಮನೆಗೆ ಹೋಗಿ, ಎಲ್ಲಿಂದ ನುಗ್ಗಿದರು, ಯಾವ ಬಾಗಿಲು, ಹೇಗೆ ಎಂದು ಕೇಳಿ. ಅವರೂ ಹೇಳಿಕೊಂಡು ಹಗುರಾಗಬಹುದು. ನಿಮ್ಮ ಮನೆಯ ಅದೇ ಜಾಗವನ್ನು ಮೊದಲು ಸರಿಮಾಡಿ. ನೀವು ಇಲ್ಲದಾಗ ಅವರು, ಅವರು ಇಲ್ಲದಾಗ ಅಮ್ಮ ಕಿವಿಗೊಟ್ಟಿರಲಿ. ಮನೆಯಲ್ಲಿ ನಗದು, ಚಿನ್ನ ಇಟ್ಟಿದ್ದರೆ ಬ್ಯಾಂಕಿಗೆ ಹೋಗಲಿ. ಲ್ಯಾಪ್‌ಟಾಪ್, ಟಿವಿಗಳ ಸೀರಿಯಲ್ ನಂಬರ್ ಫೋಟೋ ತೆಗೆದಿಡಿ, ಕಳೆದರೆ ದೂರು ಕೊಡುವಾಗ ಬೇಕಾಗುತ್ತದೆ.

ಇನ್ನು ಕ್ಯಾಮೆರಾ. ನೀವು ಮನಸ್ಸು ಮಾಡಿಬಿಟ್ಟಿದ್ದೀರಿ ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ಗಟ್ಟಿಯಿಲ್ಲದ ಬಾಗಿಲ ಮೇಲೆ ಕ್ಯಾಮೆರಾ ಹಾಕಿದರೆ ಕಳ್ಳತನದ ವಿಡಿಯೋ ಸಿಗುತ್ತದೆ, ಅಷ್ಟೆ. 1966ರಲ್ಲಿ ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ತಮ್ಮ ಗಂಡನ ಜೊತೆ ಸೇರಿ ಮನೆ ಕ್ಯಾಮೆರಾ ವ್ಯವಸ್ಥೆಯೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1969ರಲ್ಲಿ ಅದು ಸಿಕ್ಕಿತು. ಅವರಿಗೆ ಬೇಕಾಗಿದ್ದದ್ದು, ಬಾಗಿಲು ಬಡಿದವರು ಯಾರೆಂದು ತೆರೆಯುವ ಮೊದಲೇ ನೋಡುವುದು. ನಿಮ್ಮ ಅಮ್ಮನಿಗೆ ಬೇಕಾದದ್ದೂ ಅದೇ, ಮತ್ತು ಅದಕ್ಕೆ ಬಾಗಿಲಿಗೊಂದು ಇಣುಕುಗಾಜು ಸಾಕು. ಅಮ್ಮನ ಎತ್ತರಕ್ಕೆ ಅಳೆದು ಹಾಕಿಸಿ, ನಿಮ್ಮ ಎತ್ತರಕ್ಕಲ್ಲ. ಮುಂದೆ ದುಡ್ಡು ಕೂಡಿದಾಗ ಕ್ಯಾಮೆರಾ ತಂದರೆ ಅದರ ಜೊತೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್‌ಗಳಂಥ ಸಾಧನಗಳನ್ನು ವಶಮಾಡಿಕೊಂಡದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಳಸಿ.

ನಾಯಿ? ಅಲಾರಂಗೆ ವರ್ಷಕ್ಕೆ ಎರಡು ಬ್ಯಾಟರಿ ಹಾಕಿದರೆ ಆಯಿತು, ನಾಯಿಗೆ ದಿನಕ್ಕೆ ಎರಡು ಊಟ, ಡಾಕ್ಟರು, ಬೆಳಿಗ್ಗೆ ಸಂಜೆ ತಿರುಗಾಟ. ನೀವು ಸಂಜೆ ಬರುವವರು, ಅದನ್ನು ಹಿಡಿದು ಓಡಾಡಬೇಕಾದವರು ಅಮ್ಮ. ಹೋಗಿ ಅವರನ್ನೇ ಕೇಳಿ. ಅವರು ಹೂಂ ಅಂದರೆ ತನ್ನಿ, ಅದು ಕಳ್ಳನನ್ನು ಕಂಡು ಬಾಲ ಅಲ್ಲಾಡಿಸಿದರೂ ಅಮ್ಮನಿಗೆ ಜೊತೆಯಂತೂ ಆಗುತ್ತದೆ. ಆದರೆ ಸ್ಕ್ರೂ ಹಾಕಿಸಿದ ಮೇಲೆ.